ಲಿಸ್ಪ್ ಭಾಷೆಯಲ್ಲಿ ಸಾಕೆಟ್ ಪ್ರವಾಹಗಳ ವಿಮೋಚನೆ

ಗಣಕಯಂತ್ರದ ಭಾಷೆಗಳಲ್ಲಿ ಹಳೆಯವುಗಳಲ್ಲೊಂದಾದ ಲಿಸ್ಪಿಗೆ ಜಾನ್ ಮೆಕಾರ್ಥಿಯವರು 1958ರಲ್ಲಿ ತಳಹದಿ ಹಾಕಿದರು. ಉಪಯೋಗ ತೀರಿದ ಸ್ಮೃತಿಭಾಗಗಳನ್ನು ಯಂತ್ರವೇ ಗುರುತಿಸಿ ಮರಳಿ ಪಡೆಯುವ ಗಾರ್ಬೇಜ್ ಕಲೆಕ್ಷನ್ ಎಂಬ ಶೋಧನಕ್ರಮವು ಮೊದಲು ರೂಪುಗೊಂಡುದು ಈ ಭಾಷೆಯಲ್ಲಿಯೇ. ಆದುದರಿಂದ ಲಿಸ್ಪ್ ಬರೆಯುವವನು ಯಾವುದನ್ನೂ ತಾನಾಗಿ ಬಿಡಿಸಬೇಕಾಗಿಲ್ಲವೆಂಬ ಭಾವನೆ ಸುಲಭವಾಗಿ ಬೇರೂರುವುದು. ಸಾಕೆಟ್ಟುಗಳ ವಿಷಯದಲ್ಲಿ ಅದು ಸಲ್ಲದು.

ದೂರದ ಗಣಕದೊಡನೆ ಸಂಪರ್ಕ ಕಲ್ಪಿಸುವ ದ್ವಾರವೇ ಸಾಕೆಟ್. ಅದರ ಮೂಲಕ ಓದಿ ಬರೆಯುವ ಸಾಧನವೇ ಸ್ಟ್ರೀಮ್, ಅಂದರೆ ಪ್ರವಾಹ. ಸಾಕೆಟ್ ಲಿಸ್ಪಿನ ಸ್ವಂತ ಸ್ವತ್ತಲ್ಲ. ಆಪರೇಟಿಂಗ್ ಸಿಸ್ಟಮಿನಿಂದ ಎರವು ತಂದುದು. ಒಂದು ಪ್ರೋಗ್ರಾಮು ಏಕಕಾಲದಲ್ಲಿ ಇಂತಹವನ್ನು ಎಷ್ಟು ತೆರೆದಿರಿಸಬಹುದೆಂಬುದಕ್ಕೆ ಮಿತಿಯುಂಟು. ಅನೇಕ ಲಿನಕ್ಸ್ ವ್ಯವಸ್ಥೆಗಳಲ್ಲಿ ಅದು 1024. ಶೋಧನಕ್ರಮವು ನೋಡುವುದು ಸ್ಮೃತಿಯ ಕೊರತೆಯನ್ನು, ಸಾಕೆಟ್ಟುಗಳ ಕೊರತೆಯನ್ನಲ್ಲ. ಹೀಗಾಗಿ ಸ್ಮೃತಿ ಹೇರಳವಾಗಿರುವಾಗಲೇ ಹೊಸ ಸಂಪರ್ಕವು ನಿರಾಕೃತವಾಗಬಹುದು.

ಕೆಲಸದ ಕೊನೆಯಲ್ಲಿ 'ಕ್ಲೋಸ್' ಎಂದು ಬರೆದರೆ ಸಾಲದೆ? ಸಾಲದು. ನಡುವೆ ದೋಷ ತಲೆದೋರಿ ನಿಯಂತ್ರಣವು ಹೊರಕ್ಕೆ ಹಾರಿದರೆ ಆ ಕೊನೆಯ ಸಾಲನ್ನು ತಲಪುವುದೇ ಇಲ್ಲ. ಇದಕ್ಕಾಗಿಯೇ 1994ರ ಕಾಮನ್ ಲಿಸ್ಪ್ ಪ್ರಮಾಣಗ್ರಂಥವು 'ಅನ್‌ವೈಂಡ್-ಪ್ರೊಟೆಕ್ಟ್' ಎಂಬ ರಚನೆಯನ್ನು ವಿಧಿಸಿದೆ. ಅದರ ಮೊದಲ ಭಾಗವು ಸರಿಯಾಗಿ ಮುಗಿಯಲಿ, ನಡುವೆ ಮುರಿಯಲಿ, ಬಿಟ್ಟುಹೋಗುವ ಮುನ್ನ ಉಳಿದ ಭಾಗವು ನಡೆಯುವುದು. 'ಕ್ಲೋಸ್' ಇರತಕ್ಕ ಸ್ಥಳ ಅದೇ. 'ವಿತ್-ಓಪನ್-ಸ್ಟ್ರೀಮ್' ಎಂಬುದು ಇದೇ ಏರ್ಪಾಟಿನ ಸಂಕ್ಷಿಪ್ತ ರೂಪ.

ಇಲ್ಲಿಯೂ ಒಂದು ಸೂಕ್ಷ್ಮವಿದೆ. ಬರೆದ ಅಕ್ಷರಗಳು ಒಡನೆ ಹೊರಡದೆ ಬಫರ್ ಎಂಬ ಸಂಗ್ರಹದಲ್ಲಿ ನಿಲ್ಲುವುವು. ಸಾಧಾರಣವಾಗಿ 'ಕ್ಲೋಸ್' ಅವನ್ನು ಕಳುಹಿಸಿಯೇ ಮುಚ್ಚುವುದು. ಆದರೆ ಎದುರು ತುದಿ ಕಡಿದುಹೋಗಿದ್ದರೆ ಆ ಕಳುಹಿಸುವಿಕೆಯೇ ಎರಡನೆಯ ದೋಷವನ್ನು ಹುಟ್ಟಿಸಿ ಮೂಲದೋಷವನ್ನು ಮರೆಮಾಡಬಹುದು. ಆದುದರಿಂದ ಕೆಲಸವು ಕೆಟ್ಟು ನಿಂತಾಗ 'ಅಬಾರ್ಟ್' ಎಂಬ ಸೂಚನೆಯೊಡನೆ ಮುಚ್ಚುವುದು ಯುಕ್ತ. ಸುಗಮವಾಗಿ ಮುಗಿದಾಗ ಆ ಸೂಚನೆ ಕೂಡದು. ಕೊಟ್ಟರೆ ಬಫರಿನಲ್ಲಿ ಉಳಿದ ಮಾತು ನಷ್ಟವಾದೀತು.

ಪ್ರವಾಹವನ್ನು ಬೇರೊಂದು ಥ್ರೆಡ್ಡಿಗೆ ಒಪ್ಪಿಸಿದಲ್ಲಿ ಮುಚ್ಚುವ ಹೊಣೆಯನ್ನೂ ಅದಕ್ಕೇ ಒಪ್ಪಿಸತಕ್ಕದ್ದು. ಇಲ್ಲವಾದರೆ ಒಪ್ಪಿಸಿದವನು ತನ್ನ ರಚನೆಯಿಂದ ಹೊರಬಂದೊಡನೆ, ಇನ್ನೂ ಓದುತ್ತಿರುವವನ ಪ್ರವಾಹವು ಮುಚ್ಚಿಹೋಗುವುದು. ಎರವಿನ ವಸ್ತುವಿಗೆ ಹಿಂದಿರುಗಿಸುವ ಹೊಣೆಗಾರನು ಒಬ್ಬನೇ ಇರಬೇಕು; ಅವನು ಯಾರೆಂಬುದು ತರುವಾಗಲೇ ನಿಶ್ಚಯವಾಗಿರಬೇಕು.