ಕೂಸಿನ ಮನೆ: ಊಟದ ವೆಚ್ಚದ ಮರುಪಾವತಿ, ದಾಖಲೆ ಮತ್ತು ತೆರಿಗೆ

ಗ್ರಾಮ ಪಂಚಾಯಿತಿ ಸದಸ್ಯರ ಅವಗಾಹನೆಗೆ:

2023-24ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಕೂಸಿನ ಮನೆಗಳಲ್ಲಿ, ದುಡಿಯುವ ಗ್ರಾಮೀಣ ತಾಯಂದಿರ ಮಕ್ಕಳಿಗೆ ಆರೈಕೆಯೊಂದಿಗೆ ಪೌಷ್ಟಿಕ ಆಹಾರವನ್ನೂ ಒದಗಿಸಲಾಗುತ್ತದೆ. ಹಾಲು, ತರಕಾರಿಗಾಗಿ ಆರೈಕೆದಾರರು ಸ್ವಂತ ಹಣ ವ್ಯಯಿಸಿದಲ್ಲಿ, ಅದರ ಮರುಪಾವತಿಗೆ ದಾಖಲೆಯೇ ಆಧಾರ. ಮರುಪಾವತಿ ತಡವಾದಷ್ಟೂ ಮಕ್ಕಳ ಊಟಕ್ಕೇ ಕೊರತೆಯಾಗುವುದು.

1. ದಾಖಲೆ: ದೈನಂದಿನ ಹಾಜರಾತಿ ವಹಿ, ದಾಸ್ತಾನು ವಹಿ ಹಾಗೂ ಅಂಗಡಿಯ ರಸೀದಿಗಳು ಪರಸ್ಪರ ತಾಳೆಯಾಗತಕ್ಕದ್ದು. 12 ಮಕ್ಕಳು ಹಾಜರಿದ್ದ ದಿನ 20 ಮಕ್ಕಳ ಊಟ ತೋರಿಸಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಗೆ ಅವಕಾಶವಾಗುತ್ತದೆ. ರಸೀದಿಯಲ್ಲಿ ದಿನಾಂಕ, ಪ್ರಮಾಣ, ದರ ಮತ್ತು ಸಹಿ ಇರಲಿ.

2. ಪ್ರತ್ಯೇಕ ವೋಚರ್: ಆರೈಕೆದಾರರಿಗೆ ಸಲ್ಲುವ ಸಂಭಾವನೆಯು ಅವರ ಆದಾಯ. ರಸೀದಿಯಂತೆ ಮರಳಿಸಿದ ಊಟದ ವೆಚ್ಚವು ಆದಾಯವಲ್ಲ. ಎರಡನ್ನೂ ಒಂದೇ ಮೊತ್ತವಾಗಿ ಜಮೆ ಮಾಡಿದರೆ, ವೆಚ್ಚದ ಹಣವೂ ಅವರ ಗಳಿಕೆಯೆಂದೇ ಕಾಣಿಸುತ್ತದೆ.

3. ತೆರಿಗೆ: ಊಟದ ಪೂರೈಕೆಯನ್ನು ಗುತ್ತಿಗೆಗೆ ವಹಿಸಿದ್ದಲ್ಲಿ, ಒಂದು ಪಾವತಿ ರೂ. 30,000 ಅಥವಾ ವರ್ಷದ ಒಟ್ಟು ಮೊತ್ತ ರೂ. 1,00,000 ಮೀರಿದರೆ ವ್ಯಕ್ತಿಗತ ಗುತ್ತಿಗೆದಾರರಿಗೆ ಶೇ. 1ರಂತೆ ಮೂಲದಲ್ಲಿಯೇ ಆದಾಯ ತೆರಿಗೆ ಕಡಿತಗೊಳಿಸಬೇಕು. ಪ್ಯಾನ್ ಸಲ್ಲಿಸದಿದ್ದಲ್ಲಿ ದರ ಶೇ. 20.

ಸದಸ್ಯರು ಪ್ರತಿ ಸಾಮಾನ್ಯ ಸಭೆಯಲ್ಲಿ ಊಟದ ಬಾಕಿ ಬಿಲ್ಲುಗಳ ಪಟ್ಟಿಯನ್ನು ಕೇಳಿ ಪಡೆದು, ವಿಳಂಬದ ಕಾರಣವನ್ನು ನಡವಳಿಯಲ್ಲಿ ದಾಖಲಿಸುವಂತೆ ಕೋರಿದೆ.