ಅಜ್ಜನ ಹಳೆ ಸೈಕಲ್‌ಗೆ ಹೊಸ ಬಣ್ಣ: ಸ್ಪ್ರೇ ಡಬ್ಬಿ ಹಿಡಿಯುವ ಮುನ್ನ ಇಷ್ಟು ತಿಳಿದಿರಲಿ

ಊರಿನ ಮನೆಯ ಹಿತ್ತಲಲ್ಲೋ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನ ಮೂಲೆಯಲ್ಲೋ ಧೂಳು ಹಿಡಿದು ನಿಂತ ಹಳೆಯ ಹರ್ಕ್ಯುಲಿಸ್, ರ‍್ಯಾಲೀ ಅಥವಾ ಅಟ್ಲಾಸ್ ಸೈಕಲ್ ಕಂಡರೆ ಮತ್ತೆ ಓಡಿಸುವ ಆಸೆಯಾಗುವುದು ಸಹಜ. ಆದರೆ ಆ ಉತ್ಸಾಹದಲ್ಲಿ ಮೊದಲ ದಿನವೇ ಬಣ್ಣ ಕೆರೆದು ಹಾಕಿದರೆ ಸೈಕಲ್‌ನ ಅರ್ಧ ಕಥೆಯೇ ಅಳಿಸಿಹೋಗುತ್ತದೆ.

ಹಳೆ ಬಣ್ಣ ಹೋದರೆ ಮತ್ತೆ ಬಾರದು

ಚೆನ್ನೈ ಬಳಿಯ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್, ಆಸನ್ಸೋಲ್‌ನಲ್ಲಿ ಸೆನ್‌-ರ‍್ಯಾಲೀ, ಸೋನಿಪತ್‌ನಲ್ಲಿ ಅಟ್ಲಾಸ್ ತಯಾರಾಗುತ್ತಿದ್ದ ಕಾಲವೊಂದಿತ್ತು. ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್‌ನಲ್ಲಿ ಉತ್ಪಾದನೆ ನಿಲ್ಲಿಸಿತು. ಹಳೆ ಫ್ರೇಮ್ ಮೇಲಿನ ಕಂಪನಿಯ ಸ್ಟಿಕ್ಕರ್, ಚಿನ್ನದ ಬಣ್ಣದ ಸಣ್ಣ ಗೆರೆಗಳು ಒಮ್ಮೆ ಹೋದರೆ ಅವನ್ನು ಮೊದಲಿನಂತೆಯೇ ತರುವುದು ಕಷ್ಟ.

ಹಾಗಾಗಿ ಮೊದಲು ಸೋಪಿನ ನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಕಾಣದ ಜಾಗದಲ್ಲಿ ಸ್ವಲ್ಪ ಕಾರ್ ಪಾಲಿಶ್ ಹಚ್ಚಿ ನೋಡಿ. ಹೊಳಪು ಬಂದರೆ ಬಣ್ಣದ ಗೊಡವೆ ಬೇಡ, ವ್ಯಾಕ್ಸ್ ಸಾಕು. ತುಕ್ಕು ಎಲ್ಲೆಡೆ ಹಬ್ಬಿದ್ದರೆ ಅಥವಾ ಯಾರೋ ಈಗಾಗಲೇ ಮೇಲೆ ಬೇರೆ ಬಣ್ಣ ಬಳಿದಿದ್ದರೆ ಮಾತ್ರ ಪೂರ್ತಿ ಪೇಂಟಿಂಗ್ ಯೋಚಿಸಿ.

ಬಿರುಕು ಇದೆಯೇ ನೋಡಿ

ಹ್ಯಾಂಡಲ್ ಕೆಳಗಿನ ಜೋಡಣೆ, ಮುಂದಿನ ಫೋರ್ಕ್, ಪೆಡಲ್ ಬಳಿಯ ಜಾಗವನ್ನು ಬೆಳಕಿನಲ್ಲಿ ಪರೀಕ್ಷಿಸಿ. ಹ್ಯಾಂಡಲ್ ಹಿಂದಿನ ಪೈಪ್‌ನಲ್ಲಿ ಸುಕ್ಕು ಅಥವಾ ಉಬ್ಬು ಇದ್ದರೆ ಸೈಕಲ್ ಎಲ್ಲೋ ಜೋರಾಗಿ ಗುದ್ದಿರಬಹುದು. ಬಿರುಕು ಬಿಟ್ಟ ಫ್ರೇಮ್‌ಗೆ ಬಣ್ಣ ಬಳಿಯುವುದೆಂದರೆ ಅಪಾಯವನ್ನು ಮುಚ್ಚಿಟ್ಟಂತೆ.

ಬಿಚ್ಚುವಾಗ ಎಡವಟ್ಟು ಬೇಡ

ಪ್ರತಿ ಹಂತದಲ್ಲೂ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ನಟ್ಟು, ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಎಡ ಪೆಡಲ್‌ನ ಮರೆ ಉಲ್ಟಾ ಇರುತ್ತದೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಮಾತ್ರ ಬಿಚ್ಚುತ್ತದೆ. ಚೈನ್ ಬದಿಯ ಬೇರಿಂಗ್ ಕಪ್ ಕೂಡ ಹಾಗೆಯೇ. ಕಾಟರ್ ಪಿನ್ ಹೊಡೆಯುವಾಗ ಕ್ರ್ಯಾಂಕ್ ಕೆಳಗೆ ಗಟ್ಟಿ ಆಸರೆ ಕೊಡದಿದ್ದರೆ ಏಟೆಲ್ಲ ಒಳಗಿನ ಬೇರಿಂಗ್‌ಗೆ ಬೀಳುತ್ತದೆ.

ಧೂಳಿನಲ್ಲಿದೆ ಸೀಸ

ಹಳೆ ಪೇಂಟ್‌ನಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಭಾರತದಲ್ಲಿ ಮನೆ ಬಳಕೆಯ ಪೇಂಟ್‌ಗೇ 90 ಪಿಪಿಎಂ ಸೀಸದ ಮಿತಿ ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಸೀಸದ ಧೂಳು ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ಆದ್ದರಿಂದ ಒಣ ಪೇಂಟ್ ಉಜ್ಜಬೇಡಿ. ವಾಟರ್ ಪೇಪರ್ ಬಳಸಿ ನೀರು ಹಾಕುತ್ತಾ ಉಜ್ಜಿ, ಎನ್95 ಮಾಸ್ಕ್ ಹಾಕಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಮಕ್ಕಳು ಹತ್ತಿರ ಬಾರದಂತೆ ನೋಡಿಕೊಳ್ಳಿ.

ಬಣ್ಣ ಹಚ್ಚುವ ಕ್ರಮ

* ಉಜ್ಜಿದ ಫ್ರೇಮ್ ಅನ್ನು ಥಿನ್ನರ್‌ನಿಂದ ಒರೆಸಿ. ಬೆರಳಿನ ಜಿಡ್ಡು ಉಳಿದರೂ ಪೇಂಟ್ ಕಿತ್ತುಬರುತ್ತದೆ.
* ಮರೆ ಇರುವ ಜಾಗ ಮತ್ತು ಬೇರಿಂಗ್ ಕೂರುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ.
* ಬರಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಅದೇ ದಿನ ಪ್ರೈಮರ್ ಹೊಡೆಯಿರಿ.
* ಸುಮಾರು 20-25 ಸೆಂ.ಮೀ. ದೂರದಿಂದ ಮೂರು ತೆಳು ಕೋಟ್ ಕೊಡಿ. ಒಂದೇ ದಪ್ಪ ಕೋಟ್ ಕೊಟ್ಟರೆ ಬಣ್ಣ ಇಳಿದು ಗೆರೆ ಬೀಳುತ್ತದೆ.
* ಕೊನೆಗೆ ಕ್ಲಿಯರ್ ಕೋಟ್. ಒಂದೆರಡು ವಾರ ಗಟ್ಟಿಯಾಗಲು ಬಿಟ್ಟು ಆಮೇಲೆ ಜೋಡಿಸಿ.

ಮುಂಬೈ, ಚೆನ್ನೈನಂತಹ ಊರುಗಳಲ್ಲಿ ಮಳೆಗಾಲದಲ್ಲಿ ಈ ಕೆಲಸ ಬೇಡ. ಪೇಂಟ್‌ನ ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ಕೂತು ಬಣ್ಣ ಬಿಳಿಚಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ, ಗ್ಯಾಸ್ ಒಲೆಯ ಬಳಿ ಸ್ಪ್ರೇ ಮಾಡಲೇಬೇಡಿ.

ಓಡಿಸುವ ಮುನ್ನ

ಬೇರಿಂಗ್‌ನ ಸವೆದ ಗುಂಡುಗಳನ್ನು ಬದಲಿಸಿ ಹೊಸ ಗ್ರೀಸ್ ತುಂಬಿ. ಗಟ್ಟಿಯಾದ ಬ್ರೇಕ್ ರಬ್ಬರ್, ಬಿರಿದ ಟೈರ್ ಹಾಗೇ ಬಿಟ್ಟರೆ ಫಳಫಳ ಹೊಳೆಯುವ ಸೈಕಲ್ಲೂ ಸಿಗ್ನಲ್‌ನಲ್ಲಿ ನಿಲ್ಲದು. ಬಜೆಟ್ ಕಡಿಮೆಯಿದ್ದರೆ ಬಣ್ಣ ಮುಂದಿನ ವರ್ಷಕ್ಕಿರಲಿ, ಬ್ರೇಕ್ ಮತ್ತು ಟೈರ್ ಮೊದಲು ಬದಲಾಗಲಿ.