ಎರಡು ಕಪ್ಪು ಬೆಕ್ಕು, ಒಬ್ಬ ಲುಗೋಸಿ

ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊ ‘ದಿ ಬ್ಲ್ಯಾಕ್ ಕ್ಯಾಟ್’ ಎಂಬ ಹೆಸರಿನಲ್ಲಿ ಎರಡು ಚಿತ್ರ ತೆಗೆಯಿತು: 1934ರಲ್ಲಿ ಒಂದು, 1941ರಲ್ಲಿ ಇನ್ನೊಂದು. ಎರಡರಲ್ಲೂ ಬೆಲಾ ಲುಗೋಸಿ ಇದ್ದಾನೆ. ಎಡ್ಗರ್ ಅಲನ್ ಪೋನ ಕಥೆಯಿಂದ ಪ್ರೇರಿತ ಎಂದು ಎರಡೂ ಹೇಳಿಕೊಳ್ಳುತ್ತವೆ. ಆದರೆ ಒಂದರ ಕಥೆಗೂ ಇನ್ನೊಂದರ ಕಥೆಗೂ ಸಂಬಂಧವಿಲ್ಲ. ಪೋನ ಕಥೆಯಂತೂ ಎರಡರಲ್ಲೂ ಇಲ್ಲ.

ಪೋ ಅದನ್ನು ಪ್ರಕಟಿಸಿದ್ದು 1843ರಲ್ಲಿ. ಕುಡುಕನೊಬ್ಬ ಮುದ್ದಿನಿಂದ ಸಾಕಿದ ಬೆಕ್ಕಿನ ಕಣ್ಣು ಕಿತ್ತು, ಆಮೇಲೆ ಅದನ್ನು ನೇಣಿಗೂ ಹಾಕುತ್ತಾನೆ. ಕೊನೆಗೆ ಹೆಂಡತಿಯನ್ನು ಕೊಡಲಿಯಿಂದ ಕೊಂದು ಗೋಡೆಯೊಳಗೆ ಮುಚ್ಚಿಬಿಡುತ್ತಾನೆ. ಅವನಿಗೆ ಅರಿವಿಲ್ಲದೆ ಆ ಗೋಡೆಯೊಳಗೇ ಉಳಿದ ಇನ್ನೊಂದು ಬೆಕ್ಕಿನ ಕೂಗು ಅವನನ್ನು ಪೊಲೀಸರಿಗೆ ಹಿಡಿದುಕೊಡುತ್ತದೆ. ಕೆಲವೇ ಪುಟಗಳ ಈ ಕಥೆಯನ್ನು ಇಡೀ ಸಿನಿಮಾಕ್ಕೆ ಎಳೆಯುವುದು ಕಷ್ಟ. ಆದರೆ ಹೆಸರು ಪ್ರಸಿದ್ಧ; ಹಕ್ಕಿಗೆ ಯಾರಿಗೂ ಕಾಸು ಕೊಡಬೇಕಿಲ್ಲ. 1931ರಲ್ಲಿ ‘ಡ್ರಾಕುಲಾ’, ‘ಫ್ರಾಂಕನ್‌ಸ್ಟೈನ್’ಗಳಿಂದ ಗೆದ್ದಿದ್ದ ಸ್ಟುಡಿಯೊ, ಆ ಎರಡರ ತಾರೆಯರಾದ ಲುಗೋಸಿ ಮತ್ತು ಬೋರಿಸ್ ಕಾರ್ಲಾಫ್‌ರನ್ನು ಮೊದಲ ಬಾರಿ ಎದುರುಬದುರು ನಿಲ್ಲಿಸಲು ಈ ಹೆಸರನ್ನು ಎತ್ತಿಕೊಂಡಿತು.

ಆ ಖಾಲಿ ಹೆಸರಿನೊಳಗೆ ನಿರ್ದೇಶಕ ಎಡ್ಗರ್ ಉಲ್ಮರ್ ತುಂಬಿದ್ದು ಮೊದಲ ಮಹಾಯುದ್ಧವನ್ನು. ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯ 1918ರಲ್ಲಿ ಚೂರಾದಾಗ ಅಲ್ಲೇ ಹುಟ್ಟಿ ಬೆಳೆದ ಆತನಿಗೆ 14 ವರ್ಷ. ಫ್ರಾನ್ಸಿನ ವರ್ಡನ್ ಬಳಿಯ ದುವೊಮೊಂ ಕೋಟೆಯ ಬಗ್ಗೆ ಲೇಖಕ ಗುಸ್ತಾವ್ ಮೈರಿಂಕ್ ಆಡಿದ ಮಾತಿನಲ್ಲಿ ಚಿತ್ರದ ಬೀಜವಿತ್ತೆಂದು ಮುಂದೆ ಸಂದರ್ಶನವೊಂದರಲ್ಲಿ ನೆನೆದ. ಚಿತ್ರದಲ್ಲಿರುವುದು ಹಂಗೆರಿಯ ಮಾರ್ಮೊರಸ್ ಕೋಟೆ. ಅದನ್ನು ರಷ್ಯನ್ನರಿಗೆ ಮಾರಿಕೊಂಡು ತನ್ನವರೇ ಸಾವಿರಾರು ಮಂದಿಯನ್ನು ಸಾವಿಗೆ ದೂಡಿದ ಪೊಯೆಲ್ಜಿಗ್ (ಕಾರ್ಲಾಫ್), ಅದೇ ನೆಲದ ಮೇಲೆ ಅತ್ಯಾಧುನಿಕ ಮನೆ ಕಟ್ಟಿಕೊಂಡಿದ್ದಾನೆ. ಜೇಡರಬಲೆಯಿಲ್ಲ, ಕಿರುಗುಟ್ಟುವ ಬಾಗಿಲಿಲ್ಲ. ಬೆಳಕು ತುಂಬಿದ, ನೇರ ಗೆರೆಗಳ ಕೋಣೆಗಳು. ಕೆಳಗಿನ ಹಳೆಯ ಕೋಟೆಯಲ್ಲಿ ಮಾತ್ರ ಸತ್ತ ಹೆಂಗಸರ ದೇಹಗಳು ಗಾಜಿನೊಳಗೆ ನಿಂತಿವೆ. ಖಳನ ಹೆಸರೂ ನಿಜವಾದ ವಾಸ್ತುಶಿಲ್ಪಿಯದು: 1920ರ ಜರ್ಮನ್ ಚಿತ್ರ ‘ಗೋಲೆಮ್’ಗೆ ಸೆಟ್ ವಿನ್ಯಾಸ ಮಾಡಿದ ಹಾನ್ಸ್ ಪೊಯೆಲ್ಜಿಗ್.

ರಷ್ಯದ ಸೆರೆಯಲ್ಲಿ 15 ವರ್ಷ ಕಳೆದು ಸೇಡಿಗೆ ಬರುವ ವೈದ್ಯನ ಪಾತ್ರ ಲುಗೋಸಿಯದು. ಸ್ವತಃ ಹಂಗೆರಿಯವನಾದ ಆತ ಅದೇ ಯುದ್ಧದಲ್ಲಿ ಸೈನಿಕನಾಗಿದ್ದವನು. ಸೆರೆಯ ಬಗ್ಗೆ ಮಾತನಾಡುವಾಗ ಅವನ ಮುಖ ನೋಡಬೇಕು. ಡ್ರಾಕುಲಾ ಅಲ್ಲಿ ನೆನಪಿಗೇ ಬರುವುದಿಲ್ಲ. ಮನೆಗೆ ಬಂದು ಸಿಕ್ಕಿಬಿದ್ದ ನವವಿವಾಹಿತೆಯ ಜೀವಕ್ಕಾಗಿ ಇಬ್ಬರೂ ಚದುರಂಗ ಆಡುತ್ತಾರೆ. ಕಪ್ಪು ಬೆಕ್ಕು ಆಗೊಮ್ಮೆ ಈಗೊಮ್ಮೆ ಸುಳಿಯುತ್ತದೆ, ವೈದ್ಯ ಕಂಡು ಬೆಚ್ಚುತ್ತಾನೆ, ಅಷ್ಟೆ. ಮೂವತ್ತರ ದಶಕದ ಯೂನಿವರ್ಸಲ್ ಭಯಚಿತ್ರಗಳಲ್ಲಿ ನನ್ನನ್ನು ಇಷ್ಟು ಕಲಕಿದ್ದು ಇನ್ನೊಂದಿಲ್ಲ. ಇಲ್ಲಿ ಹೆದರಿಸುವುದು ಭೂತವಲ್ಲ, ಯುದ್ಧ ಮುಗಿದರೂ ಮುಗಿಯದ ಮನುಷ್ಯರು.

ಚಿತ್ರ ದುಡ್ಡು ಮಾಡಿತು. ಉಲ್ಮರ್ ಮಾತ್ರ ಸ್ಟುಡಿಯೊ ಒಡೆಯ ಕಾರ್ಲ್ ಲೆಮ್ಲಿಯ ಸಂಬಂಧಿಕನ ಹೆಂಡತಿ ಶರ್ಲಿಯನ್ನು ಪ್ರೀತಿಸಿ, ಮದುವೆಯೂ ಆಗಿ, ದೊಡ್ಡ ಸ್ಟುಡಿಯೊಗಳಿಂದ ದೂರವಾದ. ಮುಂದೆ ಪುಟ್ಟ ಬಜೆಟ್ಟಿನಲ್ಲಿ ‘ಡಿಟೂರ್’ (1945) ಮಾಡಿದವನು ಆತನೇ.

1941ರ ಚಿತ್ರದ ನಿರ್ದೇಶಕ ಆಲ್ಬರ್ಟ್ ರೋಜೆಲ್. ಮನೆತುಂಬ ಬೆಕ್ಕು ಸಾಕಿದ ಸಿರಿವಂತ ಮುದುಕಿ, ಅವಳ ಸಾವಿಗೆ ಕಾದು ಕುಳಿತ ನೆಂಟರು, ಕೊಲೆ, ನಡುನಡುವೆ ನಗೆಚಟಾಕಿ. ಬೆಕ್ಕುಗಳನ್ನು ಸುಡಲೆಂದೇ ಅಲ್ಲೊಂದು ಚಿತಾಗಾರವಿದೆ, ಅದೊಂದೇ ಹೊಸತು. ಏಳು ವರ್ಷದ ಹಿಂದೆ ಚಿತ್ರವನ್ನೇ ಹೊತ್ತಿದ್ದ ಲುಗೋಸಿ ಇಲ್ಲಿ ಬೆಕ್ಕು ನೋಡಿಕೊಳ್ಳುವ ಆಳು. ಅಂಥ ನಟನನ್ನು ಹಾಗೆ ವ್ಯರ್ಥ ಮಾಡಿದ್ದು ಇವತ್ತಿಗೂ ನೋವು ತರುತ್ತದೆ.

ಒಂದೇ ಹೆಸರಿನ ಎರಡು ಚಿತ್ರಗಳಲ್ಲಿ ನಟಿಸುವ ಸರದಿ ಕಾರ್ಲಾಫ್‌ನಿಗೂ ಬಂತು. ಪೋನ ಕವಿತೆಯ ಹೆಸರಿನ ‘ದಿ ರೇವನ್’ನಲ್ಲಿ, 1935ರಲ್ಲಿ, ಹುಚ್ಚು ಶಸ್ತ್ರವೈದ್ಯ ಲುಗೋಸಿ ಮುಖ ಕೆಡಿಸಿಬಿಡುವ ಅಪರಾಧಿ ಆತ. 28 ವರ್ಷಗಳ ನಂತರ ರೋಜರ್ ಕಾರ್ಮನ್ ಅದೇ ಹೆಸರಿನಲ್ಲಿ ಮಾಡಿದ ನಗೆಚಿತ್ರದಲ್ಲಿ ಆತ ಮಾಂತ್ರಿಕನಾಗಿ ವಿನ್ಸೆಂಟ್ ಪ್ರೈಸ್‌ನೊಡನೆ ಮಂತ್ರಯುದ್ಧಕ್ಕೆ ಕೂತ.